ಸಿಟ್ಟಿನಲ್ಲಿ ಕೊಯ್ದ ಮೂಗು

‘ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೆ?’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಕೋಪದಲ್ಲಿ ಮಾಡಿದ ಕೆಲಸವನ್ನು ಮರಳಿ ಸರಿಪಡಿಸಲಾಗದು ಎಂಬಿಷ್ಟೇ ಅದರ ಅರ್ಥವೆಂದು ತರಗತಿಯಲ್ಲಿ ನಾವು ಹೇಳಿಕೊಡುತ್ತೇವೆ. ವಿದ್ಯಾರ್ಥಿಗಳೂ ಹಾಗೆಯೇ ಬರೆದು ಅಂಕ ಪಡೆಯುತ್ತಾರೆ. ಆದರೆ ಗಾದೆ ಕೈಗೊಂಡ ನಿದರ್ಶನವು ಕೈಯಲ್ಲ, ಕಾಲಲ್ಲ, ಮೂಗು. ಅದೇಕೆ? ಯಾರ ಸಿಟ್ಟು, ಯಾರ ಮೂಗು? ಕೊಯ್ದ ಮೂಗು ನಿಜವಾಗಿಯೂ ಮರಳಿ ಬರಲಿಲ್ಲವೇ? ಈ ಮೂರು ಪ್ರಶ್ನೆಗಳನ್ನು ಹಿಡಿದು ಹೊರಟರೆ ನಮ್ಮ ದೇಶದ ವೈದ್ಯದ ಒಂದು ಉಜ್ವಲ ಅಧ್ಯಾಯವೂ, ದಾಂಪತ್ಯದ ಒಂದು ಕರಾಳ ಅಧ್ಯಾಯವೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ಮುಖದ ಅಂದವನ್ನು ಶಸ್ತ್ರಚಿಕಿತ್ಸೆಯಿಂದ ತಿದ್ದಿಸಿಕೊಳ್ಳಬಹುದೆ, ಅದಕ್ಕೆ ಗಂಡನ ಅಪ್ಪಣೆ ಬೇಕೆ ಎಂಬ ಚರ್ಚೆ ಈಗ ಮನೆಮನೆಯಲ್ಲಿ ನಡೆಯುತ್ತಿರುವುದರಿಂದ ಈ ಇತಿಹಾಸವನ್ನು ಒಮ್ಮೆ ತಿರುವಿ ನೋಡುವುದು ಉಚಿತವೆಂದು ಭಾವಿಸುತ್ತೇವೆ.

ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುವ ಡಫಳಾಪುರದಂಥ ಊರಿನವರಿಗೆ ಮೂಗಿಗೂ ಮಾನಕ್ಕೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾನಗೇಡಾದಾಗ ಮರಾಠಿಯಲ್ಲಿ ‘ನಾಕ ಕಾಪಲೆ’ ಎನ್ನುತ್ತಾರೆ. ಮೂಗು ಕೊಯ್ದರು ಎಂದೇ ಅದರ ಅರ್ಥ. ನಾವು ಅಚ್ಚರಿಯಾದರೆ ಮೂಗಿನ ಮೇಲೆ ಬೆರಳಿಡುತ್ತೇವೆ, ತಿರಸ್ಕಾರ ಬಂದರೆ ಮೂಗು ಮುರಿಯುತ್ತೇವೆ. ಮುತ್ತೈದೆಯ ಮೂಗುತಿ, ನತ್ತುಗಳೂ ಆ ಅವಯವಕ್ಕೇ ಸಂದ ಗೌರವ. ಮುಖದ ನಟ್ಟನಡುವೆ, ಬಚ್ಚಿಡಲಾಗದಂತೆ ನಿಂತಿರುವ ಮೂಗು ಮನೆತನದ ಮಾನಕ್ಕೆ ಗುರುತಾದುದು ಸಹಜವೇ. ಕಷ್ಟವೆಂದರೆ, ಮಾನ ಗಂಡನದೆಂದೂ ಮೂಗು ಹೆಂಡತಿಯದೆಂದೂ ಸಮಾಜವು ಪಾಲು ಮಾಡಿಕೊಂಡಿತು.

ಈ ಪಾಲಿಗೆ ಗ್ರಂಥಗಳ ಆಧಾರವೂ ಇದೆ. ಕೌಟಿಲ್ಯನ ಅರ್ಥಶಾಸ್ತ್ರವು, ಪತಿಯು ದೇಶಾಂತರ ಹೋಗಿರುವಾಗ ದಾರಿ ತಪ್ಪಿದ ಹೆಂಡತಿಯ ವಿಷಯದಲ್ಲಿ ಒಂದು ವಿಧಿಯನ್ನು ಹೇಳುತ್ತದೆ. ಗಂಡನು ಮರಳಿ ಬರುವ ತನಕ ಅವಳನ್ನು ಕಾವಲಿನಲ್ಲಿಡಬೇಕು. ಬಂದವನು ಸಹಿಸಿಕೊಂಡರೆ ಅವಳನ್ನೂ ಅವಳ ಪ್ರಿಯನನ್ನೂ ಬಿಟ್ಟುಬಿಡಬೇಕು. ಸಹಿಸದಿದ್ದರೆ ಅವಳ ಕಿವಿ ಮೂಗುಗಳನ್ನು ಕೊಯ್ಯಬೇಕು, ಅವನನ್ನು ಕೊಲ್ಲಬೇಕು. ಯಾಜ್ಞವಲ್ಕ್ಯ ಸ್ಮೃತಿಯೂ ಮೇಲಿನ ವರ್ಣದ ಹೆಣ್ಣು ಕೆಳಗಿನ ವರ್ಣದವನನ್ನು ಕೂಡಿದ ಸಂದರ್ಭದಲ್ಲಿ ಅವಳಿಗೆ ‘ಕಿವಿ ಮೊದಲಾದುವುಗಳ’ ಛೇದನವನ್ನು ವಿಧಿಸುತ್ತದೆ. ಈ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಹೆಸರಾಂತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು, ಎಂದರೆ ನಮ್ಮ ನಾಡಿನವನೇ. ಅರ್ಥಶಾಸ್ತ್ರದ ವಿಧಿಯಲ್ಲಿ ವಾಚಕರು ಮುಖ್ಯವಾಗಿ ಗಮನಿಸಬೇಕಾದುದು ದಂಡನೆಯ ಕ್ರೌರ್ಯವನ್ನಷ್ಟೇ ಅಲ್ಲ. ಅಲ್ಲಿ ಎಲ್ಲವೂ ನಿಂತಿರುವುದು ಗಂಡನ ಸೈರಣೆಯ ಮೇಲೆ. ಅವನು ತಾಳಿದರೆ ಮುಖ ಉಳಿಯಿತು, ಸಿಟ್ಟಾದರೆ ಹೋಯಿತು. ಗಾದೆಯ ‘ಸಿಟ್ಟು’ ಯಾರದೆಂಬುದಕ್ಕೆ ಇಲ್ಲಿ ಉತ್ತರ ದೊರೆಯುತ್ತದೆ.

ಕಥೆಗಳೂ ಇದನ್ನೇ ಹೇಳುತ್ತವೆ. ಶೂರ್ಪಣಖಿಯ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಹೆಚ್ಚಿನದನ್ನು ತಿಳಿಸುವುದು ಪಂಚತಂತ್ರದ ನೇಕಾರನ ಕಥೆ. ಕುಡಿದು ಬಂದ ನೇಕಾರನೊಬ್ಬನು ಹೆಂಡತಿಯನ್ನು ಸಂದೇಹಿಸಿ ಕಂಬಕ್ಕೆ ಕಟ್ಟುತ್ತಾನೆ. ಅವಳ ಗೆಳತಿಯಾದ ಕ್ಷೌರಿಕನ ಹೆಂಡತಿ ಬಂದು, ಅವಳನ್ನು ಬಿಡಿಸಿ, ತಾನು ಆ ಕಂಬಕ್ಕೆ ಕಟ್ಟಿಸಿಕೊಂಡು ನಿಲ್ಲುತ್ತಾಳೆ. ಕತ್ತಲಲ್ಲಿ ಎಚ್ಚತ್ತ ನೇಕಾರನು ಮಾತಿಗೆ ಮರುಮಾತು ಬಾರದಿದ್ದುದಕ್ಕೆ ಕೆರಳಿ ಅವಳ ಮೂಗನ್ನು ಕೊಯ್ಯುತ್ತಾನೆ. ಬಳಿಕ ಹೆಂಡತಿಯು ಮರಳಿ ಬಂದು ಕಂಬದ ಬಳಿ ನಿಂತು, ತಾನು ಪತಿವ್ರತೆಯಾಗಿದ್ದರೆ ಮೂಗು ಮೊದಲಿನಂತಾಗಲಿ ಎಂದು ಆಣೆಯಿಡುತ್ತಾಳೆ. ದೀಪ ತಂದು ನೋಡಿದ ಗಂಡನು ಇಡಿಯಾದ ಮೂಗನ್ನು ಕಂಡು ಬೆರಗಾಗಿ ಕ್ಷಮೆ ಬೇಡುತ್ತಾನೆ. ಕಥೆ ನಗಿಸುತ್ತದೆ, ನಿಜ. ಆದರೆ ಅದರೊಳಗಿನ ನಂಬಿಕೆಯನ್ನು ನೋಡಿರಿ: ಹೋದ ಮೂಗು ಬರಬೇಕಾದರೆ ಪಾತಿವ್ರತ್ಯದ ಪವಾಡವೇ ನಡೆಯಬೇಕು. ಅತ್ತ ಕಥೆಯ ಮರೆಯಲ್ಲಿ, ತಪ್ಪಿಲ್ಲದ ಮೈದುನನಂತೆ ಯಾರ ಕಣ್ಣಿಗೂ ಬೀಳದೆ, ನಿಜವಾಗಿ ಮೂಗು ಕಳೆದುಕೊಂಡ ಹೆಂಗಸೊಬ್ಬಳು ಉಳಿದೇ ಹೋಗುತ್ತಾಳೆ.

ಅಂಥವರಿಗೆ ಪವಾಡವಿಲ್ಲದೆಯೇ ಮೂಗು ಕೊಡಬಲ್ಲ ವಿದ್ಯೆ ನಮ್ಮಲ್ಲಿತ್ತು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ಹರಿದ ಕಿವಿಯ ಹಾಲೆಯನ್ನು ಕೂಡಿಸುವ 15 ಬಗೆಗಳಿವೆ. ಅದರ ಜೊತೆಗೇ ಕೊಯ್ದ ಮೂಗನ್ನು ಕಟ್ಟುವ ಕ್ರಮವೂ ಇದೆ. ಗಿಡದ ಎಲೆಯೊಂದನ್ನು ಮೂಗಿನ ಅಳತೆಗೆ ಕತ್ತರಿಸಿ, ಅದೇ ಪ್ರಮಾಣದ ಚರ್ಮವನ್ನು ಕೆನ್ನೆಯಿಂದ ಬಿಡಿಸಿ, ಬುಡ ಕಡಿಯದಂತೆ ತಿರುಗಿಸಿ, ಗಾಯ ಮಾಡಿದ ಮೂಗಿನ ಬುಡಕ್ಕೆ ಜೋಡಿಸಬೇಕು; ಉಸಿರಾಟಕ್ಕೆ ಎರಡು ಕೊಳವೆಗಳನ್ನಿಡಬೇಕು; ಜ್ಯೇಷ್ಠಮಧು ಮುಂತಾದವುಗಳ ಪುಡಿ ಉದುರಿಸಿ, ಹತ್ತಿಯಿಂದ ಮುಚ್ಚಿ, ಎಳ್ಳೆಣ್ಣೆ ಹನಿಸುತ್ತಿರಬೇಕು. ತೊಟ್ಟು ಗಿಡಕ್ಕಿರುವ ತನಕ ಎಲೆ ಬಾಡುವುದಿಲ್ಲ; ಹಾಗೆಯೇ ಬುಡದಲ್ಲಿ ರಕ್ತಸಂಚಾರವಿರುವ ತನಕ ಚರ್ಮ ಸಾಯುವುದಿಲ್ಲ. ವಿದ್ಯೆಯ ಗುಟ್ಟೆಲ್ಲ ಇದೇ.

ಈ ವಿದ್ಯೆ ಬಹುಕಾಲ ಬದುಕಿ ಉಳಿದುದು ಪಂಡಿತರ ಬಳಿಯಲ್ಲಲ್ಲ, ಕುಲಕಸುಬಿನ ಕೈಗಳಲ್ಲಿ. ಅದು ಜಗತ್ತಿನ ಕಣ್ಣಿಗೆ ಬಿದ್ದ ಸಂದರ್ಭಕ್ಕೂ ನಮ್ಮ ಸೀಮೆಗೂ ಸಂಬಂಧವುಂಟು. 1790ರಿಂದ 1792ರ ವರೆಗೆ ಟೀಪು ಸುಲ್ತಾನನ ಮೇಲೆ ನಡೆದ ಯುದ್ಧದಲ್ಲಿ ಪೇಶವೆ, ನಿಜಾಮ ಮತ್ತು ಇಂಗ್ಲಿಷರು ಒಂದಾಗಿದ್ದರು. ಇಂದು ನಮ್ಮ ಸಾಂಗಲಿ ಜಿಲ್ಲೆಗೆ ಸೇರಿರುವ ತಾಸಗಾಂವದ ಪರಶುರಾಮಭಾವೂ ಪಟವರ್ಧನನೇ ಮರಾಠಾ ದಂಡಿನೊಡನೆ ಹೋಗಿ ಧಾರವಾಡವನ್ನು ತಿಂಗಳುಗಟ್ಟಲೆ ಮುತ್ತಿ 1791ರಲ್ಲಿ ಗೆದ್ದವನು. ಇದೇ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತು ಹೊಡೆಯುತ್ತಿದ್ದ ಕಾವಸಜಿ ಎಂಬ ಮರಾಠಾ ಒಕ್ಕಲಿಗನು ಟೀಪುವಿನ ಕಡೆಯವರಿಗೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಒಂದು ವರ್ಷಕ್ಕೂ ಮೀರಿ ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಸಮೀಪದಲ್ಲಿ ಇಟ್ಟಿಗೆ ಸುಡುವ ಕುಲದವನೊಬ್ಬನು ಹೊಸ ಮೂಗು ಕಟ್ಟಿದನು. 1794ರ ಅಕ್ಟೋಬರ್ ತಿಂಗಳ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಈ ವೃತ್ತಾಂತವು ಚಿತ್ರಸಹಿತ ಅಚ್ಚಾಯಿತು. ಮೂಗು ಕಟ್ಟಿಸಿಕೊಂಡವನ ಹೆಸರು ಉಳಿಯಿತು. ಕಟ್ಟಿದವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಆತನ ಕ್ರಮ ಹೀಗಿತ್ತು. ಮೇಣದ ತೆಳುಹಾಳೆಯನ್ನು ಮೊಂಡು ಮೂಗಿನ ಮೇಲೆ ಮೂಗಿನ ಆಕಾರಕ್ಕೆ ಒತ್ತುವುದು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆಯುವುದು. ಗೆರೆಯೊಳಗಿನ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಕಿರುಪಟ್ಟಿಯನ್ನು ಮಾತ್ರ ಕಡಿಯದೆ ಉಳಿಸಿಕೊಂಡು, ಚರ್ಮವನ್ನು ಹೊರಳಿಸಿ ಕೆಳಗಿಳಿಸಿ, ಕೆತ್ತಿದ ಅಂಚಿನೊಳಗೆ ಸೇರಿಸುವುದು. ಮೇಲೆ ನೀರಿನಲ್ಲಿ ಕಲಸಿದ ಕಾಚನ್ನು ಬಳಿದ ಬಟ್ಟೆಯ ಪಟ್ಟಿಗಳು. ನಾಲ್ಕು ದಿನಗಳ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು 25ನೆಯ ದಿನಕ್ಕೆ ಆ ಕಿರುಪಟ್ಟಿಯನ್ನು ಕಡಿದರೆ ಮೂಗು ಸ್ವತಂತ್ರ. ಸುಶ್ರುತನ ಕೆನ್ನೆಯ ಬದಲು ಇಲ್ಲಿ ಹಣೆ. ತತ್ತ್ವ ಮಾತ್ರ ಒಂದೇ.

ಯುರೋಪಿನಲ್ಲಿ ಈ ವಿದ್ಯೆ ತೀರ ಇರಲಿಲ್ಲವೆಂದಲ್ಲ. ಬೊಲೋನ್ಯಾದ ತಾಲ್ಯಾಕೋಜ್ಜಿಯು ತೋಳಿನ ಚರ್ಮದಿಂದ ಮೂಗು ಕಟ್ಟುವುದನ್ನು 1597ರಲ್ಲಿಯೇ ಗ್ರಂಥವಾಗಿ ಬರೆದಿದ್ದನು. ಆದರೆ ಅದು ಮರೆತುಹೋದಂತಾಗಿತ್ತು. ಪುಣೆಯ ವೃತ್ತಾಂತವನ್ನು ಓದಿ ಪ್ರೇರಿತನಾದ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಹಣೆಯ ಚರ್ಮದಿಂದ ಮೂಗು ಕಟ್ಟಿ, 1816ರಲ್ಲಿ ಅದರ ವಿವರವನ್ನು ಪ್ರಕಟಿಸಿದನು. ವೈದ್ಯಲೋಕವು ಇಂದಿಗೂ ಇದನ್ನು ‘ಭಾರತೀಯ ಪದ್ಧತಿ’ ಎಂದೇ ಕರೆಯುತ್ತದೆ.

ಈ ಕೀರ್ತಿಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಲೂ ಬೇಕು. ಆದರೆ ಇಷ್ಟೊಂದು ಅಭ್ಯಾಸ ನಮ್ಮ ಕಸುಬುದಾರರಿಗೆ ಎಲ್ಲಿಂದ ಬಂತು? ಕೊಯ್ಯಿಸಿಕೊಂಡ ಮೂಗುಗಳು ಅಷ್ಟಿದ್ದುದರಿಂದಲೇ ಬಂತು. ಯುದ್ಧಗಳಲ್ಲಿ, ದರೋಡೆಗಳಲ್ಲಿ ಹೋದ ಮೂಗುಗಳು ಕೆಲವು. 17ನೆಯ ಶತಮಾನದಲ್ಲಿ ಮೈಸೂರಿಗೂ ಮಧುರೆಗೂ ನಡೆದ ಒಂದು ಯುದ್ಧಕ್ಕೆ ಮೂಗು ಕೊಯ್ದ ಯುದ್ಧವೆಂದೇ ಹೆಸರು. ಉಳಿದವು ಮನೆಯೊಳಗೆ ಹೋದವು. ಜುನಾಗಢ ಸಂಸ್ಥಾನದ ವೈದ್ಯಾಧಿಕಾರಿ ತ್ರಿಭುವನದಾಸ ಮೋತಿಚಂದ ಶಹಾ ಅವರು 1889ರಲ್ಲಿ ನೂರಕ್ಕೂ ಮಿಕ್ಕಿದ ಮೂಗುಗಳನ್ನು ಕಟ್ಟಿದ ಅನುಭವವನ್ನು ಪುಸ್ತಕವಾಗಿಸಿದರು. ಇಂದೂರಿನ ರೆಸಿಡೆನ್ಸಿಯ ಶಸ್ತ್ರವೈದ್ಯ ಕೀಗನ್ 1900ರಲ್ಲಿ ಇಂಥದೇ ಪುಸ್ತಕವನ್ನು ಬರೆದನು. ಸಂದೇಹಪಟ್ಟ ಗಂಡಂದಿರ ಕೈಯಲ್ಲಿ ಮೂಗು ಕಳೆದುಕೊಂಡ ಹೆಂಗಸರು ಇಂಥ ವೈದ್ಯರ ಬಾಗಿಲಿಗೆ ಬರುತ್ತಿದ್ದರು.

ಇಲ್ಲಿ ನಾವು ತುಸು ನಿಂತು ಯೋಚಿಸಬೇಕು. ಪಂಚತಂತ್ರದಲ್ಲಿ ಮೂಗು ಮರಳಲು ಪಾತಿವ್ರತ್ಯದ ಆಣೆ ಬೇಕಾಗಿತ್ತು. ಮೂಗು ಕಟ್ಟುವವನಿಗೆ ಬೇಕಾದುದು ಮೇಣ, ಕಾಚು, ಹಣೆಯಲ್ಲಿ ಅಂಗೈಯಗಲಕ್ಕಿಂತ ಕಿರಿದಾದ ಚರ್ಮ, ಇಷ್ಟೇ. ತಪ್ಪಿತಸ್ಥಳಾದರೂ ನಿರಪರಾಧಿಯಾದರೂ ಚರ್ಮವು ಒಂದೇ ರೀತಿಯಾಗಿ ಕೂಡಿಕೊಂಡಿತು. ಶಾಸ್ತ್ರ ಮತ್ತು ಸಮಾಜಗಳು ಮುಖವನ್ನು ಗಂಡನ ಮಾನದ ಫಲಕವೆಂದು ಎಣಿಸಿದ ಕಾಲದಲ್ಲಿ, ಅದನ್ನು ಮುಖ ಹೊತ್ತವಳದೇ ಎಂದು ಕೈಯಿಂದ ಮಾಡಿ ತೋರಿಸಿದ್ದು ಈ ಕಸುಬು.

ಕಾನೂನು ಈ ಮಾತಿಗೆ ಬಂದು ಸೇರಲು ಬಹಳ ಕಾಲ ಹಿಡಿಯಿತು. 1860ರ ಭಾರತೀಯ ದಂಡಸಂಹಿತೆಯು ಮುಖವನ್ನು ಶಾಶ್ವತವಾಗಿ ವಿರೂಪಗೊಳಿಸುವುದನ್ನು ತೀವ್ರ ಗಾಯಗಳ ಸಾಲಿಗೆ ಸೇರಿಸಿತು. ಆದರೆ ಅದೇ ಸಂಹಿತೆಯ 497ನೆಯ ಕಲಮು, ಪರಸ್ತ್ರೀಸಂಗವು ಗಂಡನ ಒಪ್ಪಿಗೆಯಿದ್ದರೆ ಅಪರಾಧವಲ್ಲ, ಇಲ್ಲದಿದ್ದರೆ ಅಪರಾಧ ಎಂದಿತು. ಕೊಯ್ಯುವ ದಂಡನೆ ಹೋಯಿತು. ಎಲ್ಲವನ್ನೂ ಗಂಡನ ಸೈರಣೆಗೆ ಬಿಟ್ಟ ಅರ್ಥಶಾಸ್ತ್ರದ ಬುದ್ಧಿ ಉಳಿಯಿತು. ಹೆಂಡತಿ ಗಂಡನ ಸೊತ್ತಲ್ಲವೆಂದು ಹೇಳಿ ಸರ್ವೋಚ್ಚ ನ್ಯಾಯಾಲಯವು ಆ ಕಲಮನ್ನು ರದ್ದುಪಡಿಸಿದ್ದು 2018ರ ಸೆಪ್ಟೆಂಬರ್ 27ರಂದು. ಅಷ್ಟರಲ್ಲಿ ಕತ್ತಿಯ ಜಾಗಕ್ಕೆ ಆಮ್ಲ ಬಂದಿತ್ತು. ತಿರಸ್ಕೃತನಾದವನು, ಸಂದೇಹಪಟ್ಟವನು ಹೆಣ್ಣಿನ ಮುಖಕ್ಕೇ ಆಮ್ಲ ಎರಚುವ ಪಾತಕಕ್ಕೆ 2013ರಲ್ಲಿ ಬೇರೆ ಕಲಮನ್ನೇ ಸೇರಿಸಿ, ಕನಿಷ್ಠ 10 ವರ್ಷಗಳ ಸೆರೆವಾಸವನ್ನು ವಿಧಿಸಲಾಯಿತು. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವು ಗಾಯಗೊಂಡವರಿಗೆ ಕನಿಷ್ಠ 3 ಲಕ್ಷ ರೂಪಾಯಿಗಳ ಪರಿಹಾರವನ್ನು ಗೊತ್ತುಮಾಡಿತು. ಖಾಸಗಿ ಆಸ್ಪತ್ರೆಗಳೂ ಅಂಥವರಿಗೆ ಉಚಿತ ಚಿಕಿತ್ಸೆ ನೀಡಬೇಕೆಂಬುದು ಕಾನೂನು. ಆಮ್ಲದ ಗಾಯವನ್ನು ತಿದ್ದುವ ವೈದ್ಯರ ಕೈಯಲ್ಲಿರುವುದು ಆ ಹಳೆಯ ವಿದ್ಯೆಯ ವಂಶವೇ.

ಇನ್ನು ಅಂದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಯ ಮಾತು. 1887ರಲ್ಲಿ ಅಮೆರಿಕದ ರೋ, 1898ರಲ್ಲಿ ಬರ್ಲಿನ್ನಿನ ಜೋಸೆಫ್ ಎಂಬ ವೈದ್ಯರು ರೋಗವಿಲ್ಲದ ಮೂಗಿನ ಆಕಾರವನ್ನು ತಿದ್ದಿ ತೋರಿಸಿದರು. ತನ್ನ ಮೂಗಿಗೆ ನಾಚಿ ಜನರೆದುರು ಬಾರದವನ ಮನೋವ್ಯಥೆಯೂ ಚಿಕಿತ್ಸೆಗೆ ಅರ್ಹವೆಂದು ಜೋಸೆಫ್ ವಾದಿಸಿದನು. ಇಂದು ಈ ಚಿಕಿತ್ಸೆ ನಮ್ಮ ಪಟ್ಟಣಗಳಲ್ಲಿಯೂ ದೊರೆಯುತ್ತದೆ. ಅದರೊಡನೆ ಮನೆಗಳಲ್ಲಿ ಮಾತೂ ಬೆಳೆದಿದೆ. ಕನ್ಯೆ ನೋಡಲು ಬಂದವರು ಒಪ್ಪಲೆಂದು ಮಗಳ ಮೂಗನ್ನು ತಿದ್ದಿಸುವ ತಂದೆತಾಯಿಗಳು ಒಂದು ಕಡೆ. ಹೆಂಡತಿಯ ಮುಖ ಸಾಲದೆಂದು ಹಂಗಿಸುವ ಗಂಡ ಇನ್ನೊಂದು ಕಡೆ. ತಾನಾಗಿಯೇ ಬಯಸಿದ ಹೆಂಡತಿಗೆ ‘ಯಾರಿಗೆ ತೋರಿಸಲು?’ ಎಂದು ಕೇಳುವ ಗಂಡ ಮತ್ತೊಂದು ಕಡೆ. ಮೂವರ ನಡೆಯೂ ಬೇರೆಯಾಗಿ ಕಂಡರೂ ಬೇರು ಒಂದೇ; ಅವಳ ಮುಖದ ಯಜಮಾನಿಕೆ ಬೇರೆಯವರದೆಂಬ ಎಣಿಕೆ. ಹರಿದ ಕಿವಿಯ ಹಾಲೆಯನ್ನು ವಾಲೆಗಾಗಿ ಹೊಲಿಸಿಕೊಂಡ ಮುತ್ತೈದೆಗೆ ಯಾರೂ ಈ ಪ್ರಶ್ನೆ ಹಾಕುವುದಿಲ್ಲವೆಂಬುದನ್ನೂ ನೆನೆಯಬೇಕು. ಅದೂ ಅಂದಕ್ಕಾಗಿಯೇ ಮಾಡಿದ ಶಸ್ತ್ರಕರ್ಮವಲ್ಲವೆ?

ಶಸ್ತ್ರವೆಂದ ಮೇಲೆ ನೋವು, ಖರ್ಚು, ಅಪಾಯಗಳು ಇದ್ದೇ ಇವೆ; ಹಗುರವಾಗಿ ಕೈಹಾಕುವ ಕೆಲಸ ಅದಲ್ಲ. ಹೊಸ ಮೂಗು ಬಂದಮಾತ್ರಕ್ಕೆ ಹಳಸಿದ ದಾಂಪತ್ಯ ಹೊಸದಾಗದು. ಪತಿಪತ್ನಿಯರು ಕುಳಿತು ಆಲೋಚಿಸುವುದು ಒಳ್ಳೆಯ ಸಂಸಾರದ ಲಕ್ಷಣವೂ ಹೌದು. ಆದರೆ ಆಲೋಚನೆ ಬೇರೆ, ಅಪ್ಪಣೆ ಬೇರೆ. ಪ್ರಾಪ್ತವಯಸ್ಕಳಾಗಿ ಎಚ್ಚರದಲ್ಲಿರುವ ರೋಗಿಯ ಶಸ್ತ್ರಚಿಕಿತ್ಸೆಗೆ ಅವಳ ಒಪ್ಪಿಗೆಯೇ ಬೇಕು, ಅವಳ ಪರವಾಗಿ ಮನೆಯವರು ಕೊಟ್ಟ ಒಪ್ಪಿಗೆ ಸಲ್ಲದು ಎಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿದೆ. ಬೇಕೆನ್ನುವ ಹಕ್ಕಿನಷ್ಟೇ ಬೇಡವೆನ್ನುವ ಹಕ್ಕೂ ಅವಳದು ಎಂಬುದು ಇದರ ತಾತ್ಪರ್ಯ.

ಆದುದರಿಂದ ಉಪಾಧ್ಯಾಯ ಬಂಧುಗಳು ಮುಂದೆ ಈ ಗಾದೆಯನ್ನು ಪಾಠ ಹೇಳುವಾಗ ಅದರ ಅರ್ಥವಿಸ್ತಾರಕ್ಕೆ ಎರಡು ಮಾತುಗಳನ್ನು ಕೂಡಿಸಲಿ. ಕೊಯ್ದ ಮೂಗು ಸಿಟ್ಟು ಮಾಡಿದವನ ಶಾಂತಿಯಿಂದ ಎಂದೂ ಬರಲಿಲ್ಲ, ಅದು ಬಂದದ್ದು ಹೆಸರಿಲ್ಲದ ಕಸುಬುದಾರರ ಕೈಯಿಂದ ಎಂಬುದು ಒಂದು. ಬಂದ ಮೇಲೂ ಹಣೆಯ ಮೇಲಿನ ಕಲೆ ಮಾಸಲಿಲ್ಲ ಎಂಬುದು ಇನ್ನೊಂದು. ಆ ಕಲೆ ಅವಳ ತಪ್ಪಿನ ಗುರುತಲ್ಲ. ಕೊಯ್ದ ಕೈಯ ಗುರುತು.