ಮೆಕ್‌ಮರ್ಡೊ ಸೌಂಡ್

ಮೆಕ್‌ಮರ್ಡೊ ಸೌಂಡ್: ಅಂಟಾರ್ಕ್ಟಿಕದ ರಾಸ್ ಸಮುದ್ರದ ನೈಋತ್ಯ ಮೂಲೆಯಲ್ಲಿ, ಪೂರ್ವದ ರಾಸ್ ದ್ವೀಪಕ್ಕೂ ಪಶ್ಚಿಮದ ವಿಕ್ಟೋರಿಯಾ ಲ್ಯಾಂಡ್ ಕರಾವಳಿಗೂ ನಡುವೆ ಒಳಚಾಚಿರುವ ಕಡಲಭಾಗ. ದಕ್ಷಿಣ ಅಕ್ಷಾಂಶ 77° 30' ಆಸುಪಾಸಿನಲ್ಲಿರುವ ಇದು ಉದ್ದ ಅಗಲಗಳಲ್ಲಿ ಸುಮಾರು 55 ಕಿ.ಮೀ. ಹರಡಿಕೊಂಡಿದ್ದು, ನ್ಯೂಜಿಲೆಂಡಿನ ಆಕ್ಲೆಂಡ್ ನಗರದಿಂದ ದಕ್ಷಿಣಕ್ಕೆ ಸುಮಾರು 4,500 ಕಿ.ಮೀ. ದೂರದಲ್ಲಿದೆ. ಇದನ್ನೊಳಗೊಂಡ ರಾಸ್ ಅಧೀನ ಪ್ರದೇಶದ ಆಡಳಿತವನ್ನು ಬ್ರಿಟನ್ 1923ರಲ್ಲಿ ನ್ಯೂಜಿಲೆಂಡಿಗೆ ವಹಿಸಿತು.

ಸೌಂಡಿನ ಉತ್ತರ ಬದಿ ರಾಸ್ ಸಮುದ್ರಕ್ಕೆ ತೆರೆದಿದೆ. ದಕ್ಷಿಣ ಬದಿಯನ್ನು ಐಸ್ ಶೆಲ್ಫ್, ಅಂದರೆ ನೆಲದ ಅಂಚಿಗೆ ಅಂಟಿಕೊಂಡು ಕಡಲ ಮೇಲೆ ತೇಲುವ ದಪ್ಪನೆಯ ಹಿಮಸ್ತರ, ಮುಚ್ಚಿದೆ. ಪೂರ್ವದಲ್ಲಿ 3,794 ಮೀಟರ್ ಎತ್ತರದ ಸಜೀವ ಜ್ವಾಲಾಮುಖಿ ಎರೆಬಸ್ ನಿಂತಿದ್ದರೆ, ಪಶ್ಚಿಮದಲ್ಲಿ ರಾಯಲ್ ಸೊಸೈಟಿ ಪರ್ವತಶ್ರೇಣಿ ಹಬ್ಬಿದೆ. ಚಳಿಗಾಲದ ಸುಮಾರು ನಾಲ್ಕು ತಿಂಗಳು ಇಲ್ಲಿ ಸೂರ್ಯ ಮೂಡುವುದಿಲ್ಲ. ಉಪ್ಪುನೀರು ಸುಮಾರು -1.9 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಿ ಕಡಲಮಂಜುಗಡ್ಡೆಯಾಗುವುದರಿಂದ, ಬೇಸಿಗೆಯಲ್ಲೂ ಸರಕಿನ ಹಡಗುಗಳಿಗೆ ಮಂಜುಗಡ್ಡೆ ಒಡೆಯುವ ಹಡಗು ದಾರಿ ಮಾಡಿಕೊಡಬೇಕಾಗುತ್ತದೆ.

ಎರೆಬಸ್ ಮತ್ತು ಟೆರರ್ ಎಂಬ ಹಡಗುಗಳೊಡನೆ 1841ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ನೌಕಾಧಿಕಾರಿ ಜೇಮ್ಸ್ ಕ್ಲಾರ್ಕ್ ರಾಸ್, ಎರಡು ಪರ್ವತಗಳಿಗೆ ತನ್ನ ಹಡಗುಗಳ ಹೆಸರನ್ನೂ, ದೂರದಿಂದ ಕಂಡ ಈ ಕಡಲಭಾಗಕ್ಕೆ ಟೆರರ್ ಹಡಗಿನ ಲೆಫ್ಟಿನೆಂಟ್ ಆರ್ಚಿಬಾಲ್ಡ್ ಮೆಕ್‌ಮರ್ಡೊ ಅವರ ಹೆಸರನ್ನೂ ಇಟ್ಟ. ಎರೆಬಸ್ ನಿಂತ ನೆಲ ಮುಖ್ಯಭೂಮಿಗೆ ಕೂಡಿಕೊಂಡಿದೆಯೆಂದು ಭಾವಿಸಿದ್ದರಿಂದ ನಕ್ಷೆಯಲ್ಲಿ ಅದು ಮೆಕ್‌ಮರ್ಡೊ ಕೊಲ್ಲಿ ಎಂದೇ ದಾಖಲಾಯಿತು. ಸುಮಾರು ಅರವತ್ತು ವರ್ಷಗಳ ಬಳಿಕ, 1902ರಲ್ಲಿ, ರಾಬರ್ಟ್ ಫಾಲ್ಕನ್ ಸ್ಕಾಟ್ ನೇತೃತ್ವದ ಡಿಸ್ಕವರಿ ಯಾತ್ರೆಯವರು ದಕ್ಷಿಣದ ತುದಿಯಲ್ಲಿ ಬೀಡುಬಿಟ್ಟು ಸುತ್ತಲ ಪ್ರದೇಶವನ್ನು ಶೋಧಿಸಿದಾಗ ಆ ನೆಲ ದ್ವೀಪವೆಂಬುದು ಖಚಿತವಾಯಿತು. ಹೀಗಾಗಿ ಕೊಲ್ಲಿಯ ಬದಲು, ದ್ವೀಪ ಮತ್ತು ಮುಖ್ಯಭೂಮಿಗಳ ನಡುವಣ ಅಗಲವಾದ ಕಡಲಭಾಗವನ್ನು ಸೂಚಿಸುವ ಸೌಂಡ್ ಎಂಬ ಪದ ಬಳಕೆಗೆ ಬಂತು. ದ್ವೀಪಕ್ಕೆ ರಾಸ್‌ನ ಹೆಸರು ಸಂದಿತು.

ಆ ಬಳಿಕದ ಹೆಸರುಗಳು ಯಾತ್ರೆಗಳ ಅನುಕ್ರಮವನ್ನೇ ತಿಳಿಸುತ್ತವೆ. ಯಾತ್ರೆಗೆ ನೆರವಾದ ವಿಜ್ಞಾನಸಂಸ್ಥೆಯ ಹೆಸರು ಪಶ್ಚಿಮದ ಶ್ರೇಣಿಗೂ, 1902ರಲ್ಲಿ ಕಟ್ಟಿದ ಮರದ ಗುಡಿಸಲಿನ ನೆನಪು ಹಟ್ ಪಾಯಿಂಟಿಗೂ, ಸ್ಕಾಟ್‌ನ ಸಹಾಯಕ ನಾಯಕ ಎಡ್ವರ್ಡ್ ಇವಾನ್ಸ್ ಹೆಸರು 1911ರಲ್ಲಿ ಕೇಪ್ ಇವಾನ್ಸ್ ಭೂಶಿರಕ್ಕೂ ಬಂದವು. ಅಮೆರಿಕದ ಮೆಕ್‌ಮರ್ಡೊ ಕೇಂದ್ರ 1956ರಲ್ಲಿಯೂ, ಎಡ್ಮಂಡ್ ಹಿಲರಿ ನೇತೃತ್ವದಲ್ಲಿ ನ್ಯೂಜಿಲೆಂಡಿನ ಸ್ಕಾಟ್ ಬೇಸ್ 1957ರ ಜನವರಿಯಲ್ಲಿಯೂ ಆರಂಭವಾದವು. 1959ರ ಅಂಟಾರ್ಕ್ಟಿಕ ಒಪ್ಪಂದವು ಭೂಸ್ವಾಮ್ಯದ ಹಕ್ಕುಗಳನ್ನು ಇದ್ದಂತೆಯೇ ಇರಿಸಿ, ಖಂಡವನ್ನು ಶಾಂತಿ ಮತ್ತು ವಿಜ್ಞಾನಕ್ಕೆ ಮೀಸಲಾಗಿಸಿತು. ಅಧೀನ ಪ್ರದೇಶದ ಸ್ಥಳಗಳಿಗೆ ನ್ಯೂಜಿಲೆಂಡಿನ ಪರವಾಗಿ ಹೆಸರು ನೀಡುವ ಅಧಿಕಾರ ಆ ದೇಶದ ಭೌಗೋಳಿಕ ಮಂಡಳಿಗಿದೆ.

ಇಲ್ಲಿನ ಭೂಗೋಳದ ಅರಿವಿಗೆ ಎಷ್ಟು ಬೆಲೆಯಿದೆಯೆಂಬುದನ್ನು 1979ರ ನವೆಂಬರ್ 28ರ ದುರಂತ ತೋರಿಸಿತು. ಆಕ್ಲೆಂಡಿನಿಂದ ವೀಕ್ಷಣಾ ಹಾರಾಟಕ್ಕೆ ಹೊರಟ ಏರ್ ನ್ಯೂಜಿಲೆಂಡ್ ವಿಮಾನ ಎರೆಬಸ್ ಪರ್ವತದ ಇಳಿಜಾರಿಗೆ ಅಪ್ಪಳಿಸಿ 257 ಮಂದಿ ಮೃತಪಟ್ಟರು. ವಿಮಾನದ ಗಣಕಕ್ಕೆ ಸೇರಿದ ಸ್ಥಾನಾಂಕಗಳು ಬದಲಾದುದು ಚಾಲಕರಿಗೆ ತಿಳಿದಿರಲಿಲ್ಲ; ಸೌಂಡಿನ ಮೇಲೆ ಸಾಗುತ್ತಿದ್ದೇವೆಂದು ನಂಬಿದ್ದ ಅವರು ವಾಸ್ತವವಾಗಿ ಪರ್ವತದ ಉತ್ತರಕ್ಕಿರುವ ಲೂಯಿಸ್ ಕೊಲ್ಲಿಯ ಮೇಲಿದ್ದರೆಂದೂ, ಮೋಡ ಹಿಮಗಳ ಬಿಳುಪಿನಲ್ಲಿ ಎದುರಿನ ಏರು ಅವರ ಕಣ್ಣಿಗೆ ಬೀಳಲಿಲ್ಲವೆಂದೂ 1981ರ ವಿಚಾರಣಾ ಆಯೋಗ ತೀರ್ಮಾನಿಸಿತು. ಧ್ರುವಪ್ರದೇಶದಲ್ಲಿ ಸ್ಥಳದ ಹೆಸರನ್ನು ಅದರ ನಿಖರ ಸ್ಥಾನದೊಡನೆ ದಾಖಲಿಸುವ ಕೆಲಸ ಪಾಂಡಿತ್ಯಕ್ಕೆ ಮಾತ್ರ ಸೇರಿದ್ದಲ್ಲ, ಜೀವರಕ್ಷಣೆಗೂ ಸೇರಿದ್ದು.