ಸೋಲುವವರ ಕಡೆಯಿಂದ ಆಡುವುದು

ಯೂರೋಪಾ ಯೂನಿವರ್ಸಾಲಿಸ್ 4 ಎಂಬ ಕಂಪ್ಯೂಟರ್ ಆಟ ಶುರುವಾಗುವುದು 1444ರ ನವೆಂಬರ್ 11ರಂದು. ಎದುರಿಗೆ ಇಡೀ ಜಗತ್ತಿನ ನಕ್ಷೆ. ಬೇಕಾದ ರಾಜ್ಯ ಆರಿಸಿಕೊಂಡು ಆಳಬಹುದು. ನಮ್ಮ ಪ್ರೌಢದೇವರಾಯನ ವಿಜಯನಗರವೂ ಅದರಲ್ಲಿದೆ. ನಾನು ಮತ್ತೆ ಮತ್ತೆ ಆರಿಸಿಕೊಳ್ಳುವುದು ಮಾತ್ರ ಬೈಜಾಂಟಿಯಂ. ಒಂದು ಕಾಲಕ್ಕೆ ಮೆಡಿಟರೇನಿಯನ್ ಸುತ್ತ ಹಬ್ಬಿದ್ದ ಪೂರ್ವ ರೋಮನ್ ಸಾಮ್ರಾಜ್ಯದಲ್ಲಿ ಆ ಹೊತ್ತಿಗೆ ಮುಖ್ಯವಾಗಿ ಉಳಿದಿದ್ದವು ಕಾನ್‌ಸ್ಟಾಂಟಿನೋಪಲ್ ನಗರ ಮತ್ತು ಗ್ರೀಸಿನ ದಕ್ಷಿಣದ ಮೊರಿಯಾ. ನಗರದ ಸುತ್ತಮುತ್ತ ಆಟೊಮನ್ ತುರ್ಕರು. ಕಂಪ್ಯೂಟರಿಗೇ ಬಿಟ್ಟರೆ ಈ ರಾಜ್ಯ ಸಾಮಾನ್ಯವಾಗಿ ಬೇಗನೆ ನಕ್ಷೆಯಿಂದ ಮಾಯವಾಗುತ್ತದೆ.

ಬಲಿಷ್ಠ ರಾಜ್ಯ ಆಡುವವನಿಗೆ ನಕ್ಷೆ ಬಣ್ಣ ತುಂಬುವ ಜಾಗ. ದುರ್ಬಲ ರಾಜ್ಯ ಹಿಡಿದವನು ಅದನ್ನು ಓದಲೇಬೇಕು. ಆಟೊಮನ್ನರ ನೆಲ ಏಷ್ಯಾದಲ್ಲೂ ಇದೆ, ಯುರೋಪಿನಲ್ಲೂ ಇದೆ; ನಡುವೆ ಕಿರಿದಾದ ಜಲಸಂಧಿ. ಅವರ ಸೈನ್ಯ ಏಷ್ಯಾದ ಕಡೆ ಇರುವಾಗ ಯುದ್ಧ ಸಾರಿ, ಈಚೆ ದಡ ಹಿಡಿದು, ಹಡಗುಗಳಿಂದ ದಾರಿ ಕಟ್ಟಿದರೆ ಗೆಲ್ಲುವ ಆಸೆಯುಂಟು. ಬೈಜಾಂಟಿಯಂ ಆಡುವವರಿಗೆಲ್ಲ ಹೊಳೆಯುವ ಉಪಾಯವಿದು.

ಈ ಉಪಾಯವನ್ನು ಚರಿತ್ರೆಯಲ್ಲೂ ಮಾಡಿನೋಡಿದ್ದರು. 1444ರಲ್ಲಿ ಪೋಪ್, ವೆನಿಸ್ ಮತ್ತು ಬರ್ಗಂಡಿಯ ಹಡಗುಗಳು ಜಲಸಂಧಿ ಕಾಯುತ್ತಿದ್ದವು. ಎರಡನೇ ಮುರಾದ್ ಬಾಸ್ಫರಸ್‌ನಲ್ಲಿ ಸೈನ್ಯ ದಾಟಿಸಿಯೇ ಬಿಟ್ಟ. ನವೆಂಬರ್ 10ರಂದು ವಾರ್ನಾದ ಬಳಿ ಕ್ರೈಸ್ತ ಸೈನ್ಯ ಸೋತಿತು. ಪೋಲೆಂಡ್ ಮತ್ತು ಹಂಗೇರಿಯ ರಾಜ, 20 ವರ್ಷದ ವ್ಲಾದಿಸ್ಲಾವ್, ರಣದಲ್ಲೇ ಸತ್ತ. ಆಟ ಶುರುವಾಗುವುದು ಅದರ ಮರುದಿನ. ಹೊರಗಿನ ನೆರವಿನ ದೊಡ್ಡ ಅವಕಾಶ ಕೈತಪ್ಪಿದ ಮೇಲೆ ನಮ್ಮ ಸರದಿ ಬರುತ್ತದೆ.

ಮುರಾದನ ಮಗ ಎರಡನೇ ಮೆಹ್ಮದ್ ಆ ಸಂದನ್ನೂ ಮುಚ್ಚಿದ. ಬಾಸ್ಫರಸ್ ಬಹಳ ಕಿರಿದಾಗುವ ಕಡೆ, ಸುಮಾರು 700 ಮೀಟರ್ ಅಗಲದಲ್ಲಿ, ಏಷ್ಯಾದ ದಡದ ಮೇಲೆ ಮುತ್ತಜ್ಜ ಬಯಾಜಿದ್ ಕಟ್ಟಿಸಿದ್ದ ಕೋಟೆಯಿತ್ತು. 1452ರಲ್ಲಿ ಎದುರು ದಡದಲ್ಲಿ ಇನ್ನೊಂದನ್ನು ಐದು ತಿಂಗಳೊಳಗೆ ಎಬ್ಬಿಸಿದ.

ಆಟದಲ್ಲಿ ಬೊಕ್ಕಸ ಬರಿದಾದರೆ ಗುಂಡಿ ಒತ್ತಿದರಾಯಿತು, ಸಾಲ ಹುಟ್ಟುತ್ತದೆ. ಕೊನೆಯ ಚಕ್ರವರ್ತಿ ಹನ್ನೊಂದನೇ ಕಾನ್‌ಸ್ಟಂಟೈನನ ಬಳಿಗೆ ಫಿರಂಗಿ ಎರಕ ಹೊಯ್ಯುವ ಆರ್ಬನ್ ತಾನಾಗಿ ಬಂದಿದ್ದ. ಕೇಳಿದ ಸಂಬಳ ಕೊಡಲು ಅರಸನ ಬಳಿ ಹಣವಿರಲಿಲ್ಲ. ಆರ್ಬನ್ ಮೆಹ್ಮದನಿಗೆ ಫಿರಂಗಿ ಮಾಡಿಕೊಟ್ಟ. ಪಶ್ಚಿಮದ ನೆರವಿಗಾಗಿ 1439ರಲ್ಲೇ ರೋಮಿನ ಚರ್ಚಿನೊಡನೆ ಐಕ್ಯಕ್ಕೂ ಒಪ್ಪಿಯಾಗಿತ್ತು. ನಗರದ ಜನರಲ್ಲಿ ಬಹಳಷ್ಟು ಮಂದಿ ಅದನ್ನು ಒಪ್ಪಲಿಲ್ಲ. ಕಡೆಗೆ ಗೋಡೆ ಕಾಯಲು ಉಳಿದವರು ಸುಮಾರು 7,000. ಅವರು 53 ದಿನ ತಡೆದರು. 1453ರ ಮೇ 29ರಂದು ನಗರ ಬಿತ್ತು, ಕಾನ್‌ಸ್ಟಂಟೈನ್ ಕಾದಾಡುತ್ತಲೇ ಸತ್ತ.

ಹೈಸ್ಕೂಲಿನ ಪಾಠದಲ್ಲಿ ಇದು ಒಂದೇ ವಾಕ್ಯ: ತುರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡರು, ಯುರೋಪಿಯನ್ನರು ಹೊಸ ಜಲಮಾರ್ಗ ಹುಡುಕಿದರು. ಅಲ್ಲಿಂದ ಮುಂದೆ ವಾಸ್ಕೋ ಡ ಗಾಮ. ಆ ವಾಕ್ಯ ಓದಿದರೆ ನಗರ ಬೀಳಲೆಂದೇ ಕಾದು ಕೂತಿತ್ತು ಅನ್ನಿಸುತ್ತದೆ. ಸೋಲುವವರ ಕಡೆ ಕೂತು ಆಡಿದಾಗ ತಿಳಿಯುವುದೇ ಬೇರೆ. ಹಡಗು, ಸಾಲ, ಮೈತ್ರಿ, ಮತದ ರಾಜಿ ಎಂದು ನಮಗೆ ಹೊಳೆಯುವ ದಾರಿಗಳೆಲ್ಲ ಅವರಿಗೂ ಹೊಳೆದಿದ್ದವು, ಪ್ರತಿಯೊಂದನ್ನೂ ಅವರು ತಟ್ಟಿ ನೋಡಿದ್ದರು. ಸೋತವರನ್ನು ಮುಂದಾಲೋಚನೆಯಿಲ್ಲದವರು ಎನ್ನುವುದು ಸುಲಭ. ನಮ್ಮ ಮುಂದಾಲೋಚನೆಯಾದರೋ 1453 ಎಂಬ ಇಸವಿ ಮೊದಲೇ ಗೊತ್ತಿರುವುದರಿಂದ ಬಂದದ್ದು.