ಕೊರಿಯಾ ಯುದ್ಧ: ಭಾರತದ ವೈದ್ಯಕೀಯ ನೆರವು
ಯುದ್ಧಗ್ರಸ್ತ ರಾಷ್ಟ್ರಕ್ಕೆ ಶಸ್ತ್ರವನ್ನೀಯದೆ ಶುಶ್ರೂಷೆಯನ್ನಷ್ಟೇ ಇತ್ತ ತಟಸ್ಥ ನೀತಿಯ ಉಜ್ವಲ ನಿದರ್ಶನ. 1950ರಲ್ಲಿ ವಿಶ್ವಸಂಸ್ಥೆಯು ದಕ್ಷಿಣ ಕೊರಿಯಾಕ್ಕೆ ಸಹಾಯವನ್ನು ಯಾಚಿಸಿದಾಗ, ಕಾದುವ ಪಡೆಯನ್ನು ಕಳುಹಿಸಲೊಲ್ಲದ ನೆಹರೂ ಸರಕಾರವು, ವೈದ್ಯರನ್ನೂ ಸಲಕರಣೆಗಳನ್ನೂ ತನ್ನ ಸೇನೆಯಿಂದಲೇ ಒದಗಿಸಿ, ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜರ ನಾಯಕತ್ವದಲ್ಲಿ 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ತುಕಡಿಯನ್ನು ಅಲ್ಲಿಗೆ ಕಳುಹಿತು. ಅದೇ ಡಿಸೆಂಬರಿನಲ್ಲಿ ಪ್ಯೋಂಗ್ಯಾಂಗ್ ನಗರವು ತೆರವಾಗುತ್ತಿರಲು, ಹಳೆಯ ರೈಲು ಎಂಜಿನ್ನೊಂದರ ಬಾಯ್ಲರಿಗೆ ಬಕೆಟ್ಟುಗಳಿಂದ ನೀರು ತುಂಬಿ, ಔಷಧೋಪಕರಣಗಳನ್ನು ದಕ್ಷಿಣಕ್ಕೆ ಸಾಗಿಸಿದ ಆ ಸೇವಕರ ಧೈರ್ಯವು ರಣವೀರರ ಧೈರ್ಯಕ್ಕಿಂತ ಕಿಂಚಿತ್ತೂ ನ್ಯೂನವಾದುದಲ್ಲ. 1951ರ ಮಾರ್ಚಿನಲ್ಲಿ ಅಮೆರಿಕದ ಪಡೆಯೊಡನೆ ಮುನ್ಸಾನಿನ ಬಳಿ ಪ್ಯಾರಾಶೂಟಿನಿಂದಿಳಿದು ಗಾಯಾಳುಗಳನ್ನು ಉಪಚರಿಸಿದವರೂ ಇವರೇ. ಕದನವಿರಾಮದ ತರುವಾಯ, 1953ರಲ್ಲಿ, ಯುದ್ಧಕೈದಿಗಳ ಪ್ರತ್ಯರ್ಪಣಕ್ಕಾಗಿ ನಿಯುಕ್ತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಭಾರತೀಯ ಸೇನಾನಿ, ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಅಧ್ಯಕ್ಷರಾದರು.